ಚಿತ್ರದಲ್ಲಿ ಇಲ್ಲದ ಬಾಣವನ್ನು ತೋರಿಸುವುದು ಹೇಗೆ?

ಪ್ರಶ್ನೆ: ಯುಎಂಎಲ್ ಎಂಬ ವಿನ್ಯಾಸಚಿತ್ರ ಭಾಷೆಯ ಸ್ಟೇಟ್ ಮಶೀನ್ ಚಿತ್ರಗಳನ್ನು (ಸ್ಟೇಟ್‌ಗಳು, ಅಂದರೆ ಸ್ಥಿತಿಗಳು, ಮತ್ತು ಒಂದರಿಂದ ಇನ್ನೊಂದಕ್ಕೆ ಒಯ್ಯುವ ಬಾಣಗಳು) ಸ್ಪಿನ್‌ಗೆ ಅರ್ಥವಾಗುವ ಪ್ರೊಮೆಲಾ ಭಾಷೆಗೆ ಇಳಿಸಿ, ಮಾಡೆಲ್‌ನ ಸಾಧ್ಯ ನಡೆಗಳನ್ನೆಲ್ಲ ಹುಡುಕಿ ತಪ್ಪು ಹಿಡಿಯುವ ಸ್ಪಿನ್ ಎಂಬ ಮಾಡೆಲ್ ಚೆಕರ್‌ನಿಂದ ಪರೀಕ್ಷಿಸುವ ಪ್ಲಗಿನ್ ಒಂದನ್ನು ನಮ್ಮ ತಂಡ ಬರೆದಿದೆ. ತಪ್ಪು ಸಿಕ್ಕಿದರೆ ಆ ತಪ್ಪಿಗೆ ಒಯ್ಯುವ ಹೆಜ್ಜೆಗಳ ಪಟ್ಟಿ, ಅಂದರೆ ಮುನ್ನೂರು ಸಾಲಿನ ಟ್ರೇಸ್, ಬರುತ್ತದೆ. ಚಿತ್ರ ಬರೆದವರಿಗೆ ಅದರ ತಲೆಬುಡ ಗೊತ್ತಾಗುವುದಿಲ್ಲ. ತಪ್ಪು ಸಿಗದಿದ್ದರೆ ಹಸಿರು ಟಿಕ್ ತೋರಿಸುತ್ತೇವೆ. ಟ್ರೇಸ್‌ನಲ್ಲಿ ಬಂದ ಸ್ಟೇಟ್‌ಗಳಿಗೆ ಚಿತ್ರದಲ್ಲೇ ಕೆಂಪು ಬಣ್ಣ ಕೊಟ್ಟರೆ ಸಾಕೇ?

ಉತ್ತರ: ಸಾಲದು. ಹಾಗೆ ಮಾಡಿ ಪೆಟ್ಟು ತಿಂದವರಲ್ಲಿ ನಾನೂ ಒಬ್ಬ. ದಾರಿಯಲ್ಲಿ ಬಂದ ಸ್ಟೇಟ್‌ಗಳನ್ನೆಲ್ಲ ಕೆಂಪಾಗಿಸಿದ್ದೆ. ಚಿತ್ರ ಬರೆದಾತ ‘ಇಷ್ಟೊಂದು ತಪ್ಪು ಮಾಡಿದ್ದೇನಾ?’ ಎಂದು ಗಾಬರಿಬಿದ್ದು, ಸರಿಯಾಗಿದ್ದ ಎರಡು ಬಾಣಗಳನ್ನು ಅಳಿಸಿಬಿಟ್ಟರು. ಪ್ರತ್ಯುದಾಹರಣೆಯ (ತಪ್ಪನ್ನು ತೋರಿಸಿಕೊಡುವ ಆ ಟ್ರೇಸ್‌ನ) ಹೆಜ್ಜೆಗಳಲ್ಲಿ ಬಹುಪಾಲು ಸರಿಯಾಗಿಯೇ ಇರುತ್ತವೆ, ಎಡವಿದ್ದು ಎಲ್ಲೋ ಒಂದೆಡೆ.

ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಒಂದು ಲಿಫ್ಟ್ ತೆಗೆದುಕೊಳ್ಳಿ. ನಿಯಂತ್ರಕಕ್ಕೊಂದು, ಬಾಗಿಲಿಗೊಂದು ಸ್ಟೇಟ್ ಮಶೀನ್. ಯಾರೋ ಗುಂಡಿ ಒತ್ತುತ್ತಾರೆ. ನಿಯಂತ್ರಕ ಬಾಗಿಲಿಗೆ ‘ತೆರೆ’ ಎಂಬ ಈವೆಂಟ್ ಕಳಿಸಿ, ‘ತೆರೆದಿದೆ’ ಎಂಬ ಉತ್ತರಕ್ಕೆ ಕಾಯುತ್ತ ನಿಲ್ಲುತ್ತದೆ. ಬಾಗಿಲು ಆ ಹೊತ್ತಿಗೆ ‘ಮುಚ್ಚುತ್ತಿದೆ’ ಸ್ಟೇಟ್‌ನಲ್ಲಿದೆ. ಅಲ್ಲಿಂದ ‘ತೆರೆ’ಗೆ ಯಾವ ಬಾಣವೂ ಹೊರಟಿಲ್ಲ. ಮುಂದೂಡಬೇಕೆಂದು ಬರೆದಿರದಿದ್ದರೆ ಯುಎಂಎಲ್ ನಿಯಮದ ಪ್ರಕಾರ ಇಂಥ ಈವೆಂಟ್ ಸದ್ದಿಲ್ಲದೆ ಬಿದ್ದುಹೋಗುತ್ತದೆ. ಬಾಗಿಲು ಮುಚ್ಚಿಕೊಂಡು ಸುಮ್ಮನಾಗುತ್ತದೆ, ನಿಯಂತ್ರಕ ಬಾರದ ಉತ್ತರಕ್ಕಾಗಿ ಕಾಯುತ್ತಲೇ ಇರುತ್ತದೆ.

ಈಗ ಬಣ್ಣ ಯಾವುದಕ್ಕೆ ಬಳಿಯುತ್ತೀರಿ? ತಪ್ಪಿರುವುದು ಬರೆಯದೇ ಬಿಟ್ಟ ಬಾಣದಲ್ಲಿ. ಚಿತ್ರ ಬರೆಯುವವರಲ್ಲಿ ಹೆಚ್ಚಿನವರು ‘ಬಾಣ ಇಲ್ಲವೆಂದರೆ ಈವೆಂಟ್ ಕಾಯುತ್ತದೆ’ ಎಂದೇ ನಂಬಿರುತ್ತಾರೆ. ನಿಮ್ಮ ಪ್ಲಗಿನ್ ಸರಿಪಡಿಸಬೇಕಾದದ್ದು ಈ ನಂಬಿಕೆಯನ್ನು.

ಇದಕ್ಕೆ ಸೀಕ್ವೆನ್ಸ್ ಡಯಾಗ್ರಾಮ್, ಅಂದರೆ ಯಾರು ಯಾರಿಗೆ ಯಾವ ಈವೆಂಟ್ ಕಳಿಸಿದರೆಂದು ಮೇಲಿನಿಂದ ಕೆಳಕ್ಕೆ ಕ್ರಮವಾಗಿ ತೋರಿಸುವ ಚಿತ್ರ, ಹೇಳಿ ಮಾಡಿಸಿದ್ದು. 1999ರಲ್ಲೇ ಫಿನ್ಲೆಂಡಿನ ಆಬೋ ಅಕಾಡೆಮಿಯವರ ವಿಯುಎಂಎಲ್ ಎಂಬ ಸಾಧನ ಒಳಗೆ ಸ್ಪಿನ್ ಓಡಿಸಿ, ಸಿಕ್ಕ ಪ್ರತ್ಯುದಾಹರಣೆಯನ್ನು ಸೀಕ್ವೆನ್ಸ್ ಡಯಾಗ್ರಾಮ್ ಆಗಿ ತೋರಿಸುತ್ತಿತ್ತು. ನೀವೂ ಹಾಗೇ ಮಾಡಿ. ಬಿದ್ದುಹೋದ ಈವೆಂಟ್‌ನ ಬಾಣದ ತುದಿಗೆ ಒಂದು ಕಾಟು (×) ಹಾಕಿ, ಪಕ್ಕದಲ್ಲಿ ‘ಬಾಗಿಲು ಮುಚ್ಚುತ್ತಿತ್ತು, ತೆರೆ ಎಂಬುದನ್ನು ಸ್ವೀಕರಿಸಲಿಲ್ಲ’ ಎಂದು ಬರೆಯಿರಿ. ಆ ಕಾಟು ಒತ್ತಿದರೆ ಸ್ಟೇಟ್ ಮಶೀನ್ ಚಿತ್ರ ತೆರೆದು ‘ಮುಚ್ಚುತ್ತಿದೆ’ ಒಂದೇ ಎದ್ದು ಕಾಣಬೇಕು. ‘ಎಂದಾದರೂ ಆಗಲೇಬೇಕು’ ಎಂಬ ಬಗೆಯ ಗುಣ (ಮಾಡೆಲ್ ಪಾಲಿಸಬೇಕೆಂದು ನಾವು ಸ್ಪಿನ್‌ಗೆ ಹೇಳುವ ಷರತ್ತು) ಮುರಿದಾಗ ಟ್ರೇಸ್ ಕುಣಿಕೆಯಂತಿರುತ್ತದೆ: ಒಂದಿಷ್ಟು ದೂರ ನೇರ, ಆಮೇಲೆ ಸುತ್ತು. ಸುತ್ತುವ ಭಾಗವನ್ನು ಸೀಕ್ವೆನ್ಸ್ ಡಯಾಗ್ರಾಮ್‌ನ ಲೂಪ್ ಚೌಕದೊಳಗೆ ಇಡಿ. ಬರಿಯ ಲೂಪ್ ಎಂದರೆ ಓದುಗರು ‘ಯಾವಾಗಲೋ ಮುಗಿಯುತ್ತದೆ’ ಎಂದುಕೊಳ್ಳುತ್ತಾರೆ, ಆದ್ದರಿಂದ ‘ಇಲ್ಲಿಂದ ಹೊರಬರುವುದೇ ಇಲ್ಲ’ ಎಂದೂ ಬರೆದುಬಿಡಿ.

ಮುನ್ನೂರು ಸಾಲಿನ ವಿಷಯ. ಚಿತ್ರದ ಒಂದು ಬಾಣ ಪ್ರೊಮೆಲಾದಲ್ಲಿ ಹತ್ತು ಹದಿನೈದು ಹೆಜ್ಜೆಯಾಗುತ್ತದೆ. ಕ್ಯೂನಿಂದ (ಬಂದ ಈವೆಂಟ್‌ಗಳ ಸರತಿಯಿಂದ) ತೆಗೆ, ಗಾರ್ಡ್ (ಬಾಣ ದಾಟಲು ಇರುವ ಷರತ್ತು) ನೋಡು, ಸ್ಟೇಟ್ ಬದಲಿಸು ಇತ್ಯಾದಿ. ಇದು ನಿಮ್ಮ ಅಡುಗೆಮನೆಯ ಸಂಗತಿ, ಊಟಕ್ಕೆ ಕೂತವರಿಗೆ ಬೇಡ. ಪ್ರೊಮೆಲಾ ಸಾಲುಗಳನ್ನು ಹುಟ್ಟಿಸುವಾಗಲೇ ಪ್ರತಿ ಸಾಲಿಗೂ ಅದು ಚಿತ್ರದ ಯಾವ ಅಂಶದಿಂದ ಬಂತು ಎಂಬ ಗುರುತು ಕಟ್ಟಿಡಿ. ಆಮೇಲೆ ಒಂದೇ ಗುರುತಿನ ಹೆಜ್ಜೆಗಳನ್ನು ಒಟ್ಟುಗೂಡಿಸಿದರೆ ಸಾಕು. ವೇರಿಯಬಲ್ ಹೆಸರು ನೋಡಿ ಹಿಂದಕ್ಕೆ ಊಹಿಸುವ ಉಪಾಯಕ್ಕೆ ಕೈ ಹಾಕಬೇಡಿ. ಒಂದರೊಳಗೊಂದು ಸ್ಟೇಟ್ ಇರುವ ಚಿತ್ರ ಬಂದ ದಿನ ಅದು ಕೈಕೊಡುತ್ತದೆ. ಸ್ಪಿನ್ ಸಾಮಾನ್ಯವಾಗಿ ಆಳಕ್ಕಿಳಿದು (ಒಂದೇ ದಾರಿಯನ್ನು ಕೊನೆಯವರೆಗೂ ಹಿಡಿದು) ಹುಡುಕುವುದರಿಂದ ಮೊದಲು ಸಿಗುವ ಟ್ರೇಸ್ ಸುತ್ತುಬಳಸಿನದಾಗಿರುತ್ತದೆ ಎಂಬುದೂ ನೆನಪಿರಲಿ. ‘ಕೆಟ್ಟದ್ದು ಎಂದೂ ಆಗದು’ ಎಂಬ ಬಗೆಯ ಗುಣಗಳಿಗೆ ಅಗಲಕ್ಕೆ (ಎಲ್ಲ ದಾರಿಗಳಲ್ಲೂ ಒಂದೊಂದೇ ಹೆಜ್ಜೆ ಮುಂದಿಡುತ್ತ) ಹುಡುಕುವ ವಿಧಾನ ಬಳಸಿದರೆ ಅತಿ ಚಿಕ್ಕ ದಾರಿ ಸಿಗುತ್ತದೆ, ಮೆಮೊರಿ ಮಾತ್ರ ಹೆಚ್ಚು ಬೇಡುತ್ತದೆ.

ನೀವು ಕೇಳದಿದ್ದರೂ ಹಸಿರು ಟಿಕ್ ಬಗ್ಗೆ ಹೇಳಲೇಬೇಕು, ನನಗೆ ಕೆಂಪಿಗಿಂತ ಅದರದೇ ಭಯ ಹೆಚ್ಚು. ಸ್ಪಿನ್‌ನ ಹುಡುಕಾಟಕ್ಕೆ ನೀವು ಬದಲಿಸದಿದ್ದರೆ 10,000 ಹೆಜ್ಜೆಗಳ ಆಳದ ಮಿತಿ ಇರುತ್ತದೆ. ಮಿತಿ ಮುಟ್ಟಿದರೆ ಎಚ್ಚರಿಕೆಯ ಒಂದು ಸಾಲು ಬರುತ್ತದೆ, ಅದರ ಕೆಳಗೇ ‘ತಪ್ಪು: ಸೊನ್ನೆ’ ಎಂದೂ ಬರಬಹುದು. ನಿಮ್ಮ ಪ್ಲಗಿನ್ ಆ ಸೊನ್ನೆಯನ್ನಷ್ಟೇ ಓದುತ್ತಿದೆಯೇ ನೋಡಿ. ಕ್ಯೂಗೆ ನೀವು ಕೊಟ್ಟ ಉದ್ದವೂ ಒಂದು ಮಿತಿಯೇ. ಅದಕ್ಕೇ ಟಿಕ್ ಜಾಗದಲ್ಲಿ ‘ಕ್ಯೂ ಉದ್ದ 4 ಇರುವಾಗ, ಎಲ್ಲ ಸಾಧ್ಯತೆಗಳನ್ನೂ ನೋಡಿ, ತಪ್ಪು ಸಿಗಲಿಲ್ಲ’ ಎಂಬ ಪೂರ್ತಿ ವಾಕ್ಯವೇ ಇರಲಿ.

ಇನ್ನೊಂದು ಮೋಸವಿದೆ. ‘ಗುಂಡಿ ಒತ್ತಿದಾಗಲೆಲ್ಲ ಬಾಗಿಲು ತೆರೆಯುತ್ತದೆ’ ಎಂಬುದು, ಮಾಡೆಲ್‌ನಲ್ಲಿ ಗುಂಡಿಯನ್ನು ಯಾರೂ ಒತ್ತದೇ ಇದ್ದರೂ ನಿಜವೇ! ಇದನ್ನು ಹಿಡಿಯಲು ಸ್ಪಿನ್ ಕೊನೆಯಲ್ಲಿ ಕೊಡುವ ಪಟ್ಟಿ ನೋಡಿ. ಹುಡುಕಾಟ ಮುಟ್ಟದೇ ಉಳಿದ ಸಾಲುಗಳು ಅದರಲ್ಲಿವೆ. ಆಗಲೇ ಕಟ್ಟಿಟ್ಟ ಗುರುತುಗಳಿಂದ ಅವನ್ನು ಚಿತ್ರಕ್ಕೆ ಮರಳಿಸಿ, ಎಂದೂ ದಾಟದ ಬಾಣಗಳನ್ನು ಬೂದು ಬಣ್ಣದಲ್ಲಿ ತೋರಿಸಿ. ಗುಂಡಿಯ ಬಾಣ ಬೂದಾಗಿದ್ದರೆ, ಚಿತ್ರ ಬರೆದವರಿಗೆ ಇಂಥ ಗುಣಗಳನ್ನು ಬರೆಯುವ ಟೆಂಪೊರಲ್ ಲಾಜಿಕ್‌ನ ಒಂದಕ್ಷರ ಬಾರದಿದ್ದರೂ ‘ಇದೇಕೆ ಹೀಗೆ?’ ಎಂದು ಅವರೇ ನಿಮ್ಮನ್ನು ಕೇಳುತ್ತಾರೆ.