ಎಲ್ಕ್ ಶಿಕಾರಿಗೆ ತಯಾರಿ: ಕಾಲು ಮೊದಲು, ಕೋವಿ ಆಮೇಲೆ

ಡಲ್ಲಾಸ್‌ನಲ್ಲಿದ್ದೀರಿ, ಅಕ್ಟೋಬರ್‌ನಲ್ಲಿ ಗೆಳೆಯರ ಜೊತೆ ಕೊಲೊರಾಡೊಗೆ ಎಲ್ಕ್ ಎಂಬ ದೊಡ್ಡ ಜಿಂಕೆಯ ಶಿಕಾರಿಗೆ ಹೊರಟಿದ್ದೀರಿ, ಜಿಮ್ ಅಭ್ಯಾಸವಿದೆ, ರೈಫಲ್ ಬಳಕೆ ಹೊಸದು. ಉಳಿದಿರುವ ಮೂರು ತಿಂಗಳಲ್ಲಿ ಏನು ಮಾಡಬೇಕೆಂದು ಕೇಳಿದ್ದೀರಿ. ನಾನು ಕೊಡಗಿನವನು, ಈಗ ಡೆನ್ವರ್‌ನಲ್ಲಿದ್ದೇನೆ.

ಎಲ್ಲಕ್ಕಿಂತ ಮೊದಲು ಒಂದು ಮಾತು. ನೀವು ಎಚ್‌1ಬಿಯಂತಹ ವೀಸಾದಲ್ಲಿದ್ದರೆ ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಕೋವಿ, ಗುಂಡು ಇಟ್ಟುಕೊಳ್ಳುವಂತಿಲ್ಲ. ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದವರಿಗೆ ವಿನಾಯಿತಿ ಇದೆ. ಆದ್ದರಿಂದ ಪರವಾನಗಿ ಕೈಗೆ ಬರುವ ಮುನ್ನ ರೇಂಜ್‌ನ (ಗುರಿ ಅಭ್ಯಾಸದ ಮೈದಾನದ) ಬಾಡಿಗೆ ಕೋವಿಯನ್ನೂ ಮುಟ್ಟಬೇಡಿ. 1949ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಕೊಲೊರಾಡೊದಲ್ಲಿ ಬೇಟೆ ಸುರಕ್ಷತಾ ತರಬೇತಿಯ ಪ್ರಮಾಣಪತ್ರವೂ ಬೇಕು.

ಇನ್ನು ದೇಹದ ವಿಷಯ. ಡಲ್ಲಾಸ್ ಇರುವುದು ಸಮುದ್ರಮಟ್ಟದಿಂದ ಸುಮಾರು 430 ಅಡಿ ಎತ್ತರದಲ್ಲಿ. ಎಲ್ಕ್ ಹುಡುಕಿಕೊಂಡು ನೀವು ಅಲೆಯುವುದು ಒಂಬತ್ತು, ಹತ್ತು ಸಾವಿರ ಅಡಿಯಲ್ಲಿ. ಅಲ್ಲಿ ಗಾಳಿಯ ಒತ್ತಡ ಕೆಳಗಿನ ಶೇ 70ರಷ್ಟು ಮಾತ್ರ. ಜಿಮ್‌ನಲ್ಲಿ ಬೆಳೆಸಿದ ತೋಳು ಅಲ್ಲಿ ಅಷ್ಟೇನೂ ಉಪಯೋಗಕ್ಕೆ ಬರುವುದಿಲ್ಲ. ಬೆನ್ನುಚೀಲಕ್ಕೆ ಎಂಟು ಹತ್ತು ಕಿಲೋ ತುಂಬಿಕೊಂಡು ಬಹುಮಹಡಿ ಪಾರ್ಕಿಂಗ್ ಕಟ್ಟಡದ ಮೆಟ್ಟಿಲು ಹತ್ತಿ ಇಳಿಯಿರಿ. ವಾರ ಕಳೆದಂತೆ ಭಾರ ಏರಿಸಿ. ಇಳಿಯುವುದನ್ನು ಕಡೆಗಣಿಸಬೇಡಿ, ತೊಡೆ ಮತ್ತು ಮಂಡಿ ಕೈಕೊಡುವುದು ಇಳಿಜಾರಿನಲ್ಲೇ. ಬೇಟೆಗೆ ಹಾಕುವ ಬೂಟನ್ನೇ ಈಗಿನಿಂದ ಹಾಕಿಕೊಳ್ಳಿ.

ಈ ಭಾರ ಯಾಕೆಂದರೆ, ಎಲ್ಕ್ ನಮ್ಮ ಕಡವೆಯ ದೊಡ್ಡಣ್ಣ. ಬೆಳೆದ ಗಂಡು ಮುನ್ನೂರು ಕಿಲೋ ದಾಟುತ್ತದೆ. ಮೂಳೆ ಬಿಡಿಸಿದರೂ ಸುಮಾರು ತೊಂಬತ್ತು ಕಿಲೋ ಮಾಂಸ ಉಳಿಯುತ್ತದೆ. ತಿನ್ನಲು ಯೋಗ್ಯವಾದ ಮಾಂಸವನ್ನು ಕಾಡಿನಲ್ಲಿ ಬಿಟ್ಟುಬರುವುದು ಅಪರಾಧ. ಕೊಂಬಿನ ಜೊತೆ ಫೋಟೊ ತೆಗೆಸಿಕೊಳ್ಳುವ ಉತ್ಸಾಹ ಇರುವವರು ಈ ಹೊರೆಯ ಲೆಕ್ಕ ಮಾಡುವುದು ಕಡಿಮೆ.

ಸಾಧ್ಯವಾದರೆ ಎರಡು ದಿನ ಮೊದಲೇ ಬಂದು ಎತ್ತರಕ್ಕೆ ಒಗ್ಗಿಕೊಳ್ಳಿ. ತಲೆನೋವಿನ ಜೊತೆ ವಾಂತಿ ಶುರುವಾದರೆ ಹಟ ಮಾಡದೆ ಕೆಳಗಿಳಿಯಿರಿ.

ಗುರಿಯ ಅಭ್ಯಾಸಕ್ಕೆ ಬಂದರೆ, ರೇಂಜ್‌ನ ಮೇಜಿನ ಮೇಲೆ ಮರಳುಚೀಲಕ್ಕೆ ಕೋವಿ ಒರಗಿಸಿ ಹೊಡೆಯುವುದು ಸ್ಕೋಪ್ (ಕೋವಿಯ ಮೇಲಿನ ಗುರಿ ದುರ್ಬೀನು) ಹೊಂದಿಸಿಕೊಳ್ಳಲು ಮಾತ್ರ. ಅದಾದ ಮೇಲೆ ಮೇಜು ಬಿಟ್ಟು ಕೂತು, ಮಂಡಿಯೂರಿ, ಮಲಗಿ ಹೊಡೆಯಿರಿ. ಕೊಡಗಿನ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದಲ್ಲಿ ತೆಂಗಿನಕಾಯಿಗೆ ಗುರಿಯಿಟ್ಟು ಬೆಳೆದ ನಮ್ಮವರಿಗೆ ನಿಂತು ಹೊಡೆಯುವುದೇ ಗೌರವ. ಎಲ್ಕ್ ಮುಂದೆ ಅದು ಕೊನೆಯ ಆಯ್ಕೆಯಾಗಿರಲಿ. ರೇಂಜ್‌ನವರು ಒಪ್ಪಿದರೆ, ಕೋವಿಯನ್ನು ಖಾಲಿ ಮಾಡಿ ಇಟ್ಟು, ಹಿಂದೆ ಸರಿದು ಏದುಸಿರು ಬರುವಷ್ಟು ಬಸ್ಕಿ ಹೊಡೆಯಿರಿ, ಕೂಡಲೇ ಬಂದು ಒಂದು ಈಡು ಹೊಡೆಯಿರಿ. ಬೆಟ್ಟದಲ್ಲಿ ಪ್ರಾಣಿ ಕಾಣಿಸುವುದು ನಿಮಗೆ ಉಸಿರು ಸಿಕ್ಕದಿರುವಾಗಲೇ.

ಇನ್ನೊಂದು ಪರೀಕ್ಷೆ ನನಗೆ ಬಹಳ ಇಷ್ಟ. ನಿಜವಾದ ಗುಂಡುಗಳ ನಡುವೆ ಒಂದೆರಡು ಡಮ್ಮಿ (ಸಿಡಿಯದ ನಕಲಿ ಗುಂಡು) ಸೇರಿಸಿ ಮ್ಯಾಗಜಿನ್ ತುಂಬಲು ಗೆಳೆಯನಿಗೆ ಹೇಳಿ. ಯಾವುದು ಎಲ್ಲಿದೆ ಎಂದು ನಿಮಗೆ ಗೊತ್ತಿರಬಾರದು. ಡಮ್ಮಿ ಬಂದಾಗ ಟ್ರಿಗರ್ ‘ಟಿಕ್’ ಎನ್ನುತ್ತದೆ, ಸದ್ದಿಲ್ಲ, ಒದೆತವಿಲ್ಲ. ಆದರೂ ನಳಿಗೆಯ ತುದಿ ಸರಕ್ಕನೆ ಕೆಳಗೆ ಬಾಗಿದರೆ, ಒದೆತಕ್ಕೆ ಹೆದರಿ ನೀವೇ ಕೋವಿಯನ್ನು ತಳ್ಳುತ್ತಿದ್ದೀರಿ ಎಂದರ್ಥ. ಇದಕ್ಕೆ ಮದ್ದು ಮನೆಯಲ್ಲೇ ಇದೆ: ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು, ಕೋವಿ ಖಾಲಿ ಎಂದು ಎರಡೆರಡು ಸಲ ನೋಡಿ, ಸುರಕ್ಷಿತ ದಿಕ್ಕಿಗೆ ಹಿಡಿದು, ದಿನವೂ ಹತ್ತು ನಿಮಿಷ ಒಣ ಟ್ರಿಗರ್ ಎಳೆಯಿರಿ.

ಎಷ್ಟು ದೂರದಿಂದ ಹೊಡೆಯಬಹುದು? ಒಂಬತ್ತು ಇಂಚಿನ ಕಾಗದದ ತಟ್ಟೆ ನೆಟ್ಟು ಕೂತು ಹೊಡೆಯಿರಿ. ಒಂದೂ ಹೊರಗೆ ಹೋಗದ ದೂರವೇ ನಿಮ್ಮ ಮಿತಿ. ಅದು 150 ಗಜವಾದರೆ 150. ಗೆಳೆಯರು 400 ಗಜದ ಕತೆ ಹೇಳಿದರೆ ಕೇಳಿ ನಕ್ಕುಬಿಡಿ.

ಸೊಂಟದ ಮೇಲೆ 500 ಚದರ ಇಂಚು ಎದ್ದುಕಾಣುವ ಕಿತ್ತಳೆ ಅಥವಾ ಗುಲಾಬಿ ಬಟ್ಟೆ, ಅದೇ ಬಣ್ಣದ ಟೋಪಿ ರೈಫಲ್ ಬೇಟೆಯಲ್ಲಿ ಕಡ್ಡಾಯ. ದಪ್ಪ ಜಾಕೆಟ್ ಹಾಕಿದರೆ ಕೋವಿ ಹೆಗಲಿಗೆ ಕೂರುವ ಬಗೆಯೇ ಬದಲಾಗುತ್ತದೆ, ಹಾಗಾಗಿ ಸೆಕೆಯಾದರೂ ಒಮ್ಮೆ ಅದನ್ನು ಹಾಕಿಕೊಂಡೇ ಅಭ್ಯಾಸ ಮಾಡಿ. ಪ್ರಯಾಣದ ಕುಲುಕಾಟಕ್ಕೆ ಸ್ಕೋಪ್ ಸರಿದಿರಬಹುದು. ಇಲ್ಲಿಗೆ ಬಂದ ಮೇಲೆ, ಬೆಟ್ಟ ಹತ್ತುವ ಮುನ್ನ, ಬೇಟೆಗೆ ಬಳಸುವ ಗುಂಡಿನಿಂದಲೇ ರೇಂಜ್‌ನಲ್ಲಿ ಎರಡು ಮೂರು ಈಡು ಹೊಡೆದು ನೋಡಿಕೊಳ್ಳಿ.