ಸಂಪಾದಕರ ಉತ್ತರ: ಮನೆಯಿಂದ ತಂದ ಎಣ್ಣೆಯನ್ನೂ ಲೆಕ್ಕಕ್ಕೆ ಬರೆಯಿರಿ

ಪತ್ರ (ಸಂಕ್ಷಿಪ್ತವಾಗಿ): ನಮ್ಮದು ಉತ್ತರ ಕನ್ನಡದ ಸಣ್ಣ ಊರು. ಮಹಿಳಾ ಸಮಾಜದಲ್ಲಿ 38 ಸದಸ್ಯೆಯರಿದ್ದಾರೆ, ಸಭೆಗೆ ಬರುವವರು 15 ಮಂದಿ. ಕಟ್ಟಡ ಹಂಚಿನದು. ಕಳೆದ ಮಳೆಗಾಲದಲ್ಲಿ ಜೋರು ಸೋರಿತು. ರಿಪೇರಿಗೆ ಒಂದೂವರೆ ಲಕ್ಷ ಬೇಕು ಅಂತ ಬಡಗಿ ಹೇಳಿದ್ದಾರೆ. ಹೋದ ವರ್ಷ ಜಾತ್ರೆಯಲ್ಲಿ ತಿಂಡಿ ಅಂಗಡಿ ಹಾಕಿದೆವು. 14 ಮಂದಿ ತಲಾ ಸುಮಾರು 900 ರೂಪಾಯಿಯ ಸಾಮಾನು ಮನೆಯಿಂದಲೇ ತಂದಿದ್ದರಿಂದ 23,000 ರೂಪಾಯಿ ಉಳಿಯಿತು. ಈ ವರ್ಷ ಕೆಲಸಕ್ಕೆ ಜನವೇ ಸಿಗುತ್ತಿಲ್ಲ. ತೊಡೆದೇವು ಸಿಹಿ ಚೆನ್ನಾಗಿ ಮಾಡುತ್ತಿದ್ದ ಇಬ್ಬರು ಬರುವುದನ್ನೇ ಬಿಟ್ಟಿದ್ದಾರೆ. ಕೆಲವರು ಲಕ್ಕಿ ಡ್ರಾ ಟಿಕೆಟ್ ಮಾರೋಣ ಎನ್ನುತ್ತಾರೆ. ಒಬ್ಬರ ಮಗ ಅಮೆರಿಕದಿಂದ ದುಡ್ಡು ಕಳಿಸುತ್ತೇನೆ ಎಂದಿದ್ದಾನೆ. ಏನು ಮಾಡುವುದು? (ಹೆಸರು, ಊರು ಬೇಡ.)

ಪ್ರಿಯ ಕಾರ್ಯದರ್ಶಿಯವರೇ,

ನಿಮ್ಮ ಪತ್ರದಲ್ಲಿ ದುಡ್ಡಿನ ಚಿಂತೆ ಮೊದಲು ಬಂದಿದೆ, ಜನ ಬರುತ್ತಿಲ್ಲ ಎಂಬ ಬೇಸರ ಆಮೇಲೆ. ನನಗೆ ಇವೆರಡೂ ಒಂದೇ ಅನಿಸುತ್ತದೆ. ಹೋದ ವರ್ಷ ದುಡ್ಡು ಹೇಗೆ ಉಳಿಯಿತೋ ಅದರಲ್ಲೇ ಈ ವರ್ಷ ಜನ ದೂರವಾದ ಕಾರಣವೂ ಇದೆ.

ಲೆಕ್ಕ ನೀವೇ ಬರೆದಿದ್ದೀರಿ. 14 ಮಂದಿ, ತಲಾ 900 ರೂಪಾಯಿ ಸಾಮಾನು. ಅಲ್ಲಿಗೆ 12,600 ಆಯಿತು. 23,000ದಲ್ಲಿ ಅದನ್ನು ಕಳೆಯಿರಿ. ಉಳಿಯುವುದು 10,400. ಜಾತ್ರೆಗೆ ಬಂದವರು ನಿಮಗೆ ಕೊಟ್ಟ ಲಾಭ ಇಷ್ಟೇ. ಉಳಿದ ಅರ್ಧಕ್ಕಿಂತ ಜಾಸ್ತಿ ದುಡ್ಡು ನಿಮ್ಮ ಸದಸ್ಯೆಯರ ಅಡುಗೆಮನೆಯಿಂದಲೇ ಬಂದಿದೆ. ಅದು ದೇಣಿಗೆ. ರಸೀದಿ ಇಲ್ಲದ, ಯಾರ ಹೆಸರೂ ಇಲ್ಲದ ದೇಣಿಗೆ.

ಅನುಕೂಲ ಇರುವವರಿಗೆ 900 ರೂಪಾಯಿ ದೊಡ್ಡದಲ್ಲ. ಆದರೆ ಎಲ್ಲರ ಮನೆಯೂ ಹಾಗಿರುವುದಿಲ್ಲ, ಅಲ್ವಾ? ತಿಂಗಳ ಕೊನೆಯಲ್ಲಿ ಎರಡು ಲೀಟರ್ ಎಣ್ಣೆ, ಒಂದು ಕೆಜಿ ಕಡಲೆಬೇಳೆ ಮನೆಯಿಂದ ಎತ್ತಿಕೊಂಡು ಬರುವುದು ಎಂದರೆ ಕೆಲವರು ಯಾರಿಗೋ ಉತ್ತರ ಹೇಳಬೇಕಾಗುತ್ತದೆ. ತರಲು ಆಗುವುದಿಲ್ಲ ಎಂದು ಸಭೆಯಲ್ಲಿ ಎದ್ದು ನಿಂತು ಯಾರೂ ಹೇಳುವುದಿಲ್ಲ. ಮನೆಯಲ್ಲಿ ನೆಂಟರು ಬಂದಿದ್ದಾರೆ ಅನ್ನುತ್ತಾರೆ, ಸೊಂಟನೋವು ಅನ್ನುತ್ತಾರೆ. ಆಮೇಲೆ ಮೆಲ್ಲಗೆ ಬರುವುದನ್ನೇ ನಿಲ್ಲಿಸುತ್ತಾರೆ. ನಿಮ್ಮ ಪತ್ರದ ಕೊನೆಯ ಪುಟದಲ್ಲಿ ಒಂದು ಸಾಲಿದೆ: ಬಿಟ್ಟುಹೋದ ಇಬ್ಬರಲ್ಲಿ ಒಬ್ಬರು ಬಟ್ಟೆ ಅಂಗಡಿಯಲ್ಲಿ ದಿನಗೂಲಿಗೆ ಇದ್ದಾರೆ. ನನ್ನ ಕಣ್ಣು ಅಲ್ಲೇ ನಿಂತಿತು.

ತೊಡೆದೇವು ಎಂಥ ಕೆಲಸ ಎಂದು ನಿಮಗೆ ನಾನು ಹೇಳಬೇಕಿಲ್ಲ. ಬೇರೆ ಕಡೆಯ ಓದುಗರಿಗಾಗಿ ಬರೆಯುತ್ತೇನೆ. ಒಲೆಯ ಮೇಲೆ ಮಡಕೆಯನ್ನು ಬೋರಲು ಹಾಕಿ ಕಾಯಿಸುತ್ತಾರೆ. ಅಕ್ಕಿ ಹಿಟ್ಟಿಗೆ ಕಬ್ಬಿನ ಹಾಲು ಅಥವಾ ಬೆಲ್ಲ ಸೇರಿಸಿ ನೀರಾಗಿ ಕಲಸಿಕೊಂಡಿರುತ್ತಾರೆ. ಕೋಲಿಗೆ ಬಟ್ಟೆ ಸುತ್ತಿ ಆ ಹಿಟ್ಟಿನಲ್ಲಿ ಅದ್ದಿ, ಕಾದ ಮಡಕೆಯ ಬೆನ್ನಿಗೆ ಒಂದೇ ಸಲ ಬಳಿಯಬೇಕು. ಕಾಗದಕ್ಕಿಂತ ತೆಳುವಾಗಿ ಏಳುತ್ತದೆ. ಬಿಸಿ ಇರುವಾಗಲೇ ಮಡಚಬೇಕು, ತಡ ಮಾಡಿದರೆ ಮುರಿಯುತ್ತದೆ. ಉರಿ ಜಾಸ್ತಿಯಾದರೆ ಸೀದಿತು, ಕಡಿಮೆಯಾದರೆ ಮಡಕೆಗೇ ಅಂಟಿತು. ಕೈ ಪಳಗಲು ವರ್ಷಗಳೇ ಬೇಕು. ಇಂಥ ಕೈ ಇರುವವರು ಬೆಳಗಿನಿಂದ ಸಂಜೆವರೆಗೆ ನಿಮ್ಮ ಅಂಗಡಿಯ ಒಲೆ ಮುಂದೆ ಕೂತರೆ ಅವರ ಆ ದಿನದ ಕೂಲಿ ಹೋಯಿತು. ಸಾಮಾನಿನ ದುಡ್ಡೂ ಅವರದೇ. ಅವರು ಬರಲಿಲ್ಲ ಎಂದು ಬೇಸರ ಮಾಡಿಕೊಳ್ಳುವುದು ನ್ಯಾಯವೇ?

ಹಾಗಾಗಿ ಮೊದಲ ಮಾತು. ಈ ಸಲ ಸಾಮಾನನ್ನೆಲ್ಲ ಸಮಾಜದ ದುಡ್ಡಿನಲ್ಲೇ ತನ್ನಿ. ಹೋದ ವರ್ಷ ಉಳಿದದ್ದರಲ್ಲಿ ಸ್ವಲ್ಪ ಬಂಡವಾಳ ಅಂತ ತೆಗೆದಿಡಿ, ಸಾಕು. ಎರಡನೆಯದು, ಕೆಲಸ ಮಾಡಿದ ಪ್ರತಿಯೊಬ್ಬರಿಗೂ ಕೂಲಿ ಬರೆಯಿರಿ. ಅಧ್ಯಕ್ಷೆಯಿಂದ ಹಿಡಿದು ಪಾತ್ರೆ ತೊಳೆದವರವರೆಗೆ ಗಂಟೆಗೆ ಇಷ್ಟು ಎಂದು ಒಂದೇ ದರ. ಎಲ್ಲರಿಗೂ ಲಕೋಟೆಯಲ್ಲಿ ಹಾಕಿ ಕೊಡಿ. ಸಮಾಜಕ್ಕೇ ಇರಲಿ ಎನ್ನುವವರು ಆಮೇಲೆ ಯಾವತ್ತಾದರೂ ಖಜಾಂಚಿ ಹತ್ತಿರ ಕಟ್ಟಿ ದೇಣಿಗೆ ರಸೀದಿ ತಗೊಳ್ಳಲಿ. ಬೇಕಾದವರು ಮನೆಗೆ ಒಯ್ಯಲಿ. ಯಾರು ಒಯ್ದರು, ಯಾರು ಕಟ್ಟಿದರು ಎಂಬುದು ಸಭೆಯಲ್ಲಿ ಚರ್ಚೆಯ ವಿಷಯವಾಗಬಾರದು. ದೇಣಿಗೆ ಒಟ್ಟು ಎಷ್ಟು ಎಂದಷ್ಟೇ ಓದಿ.

ಕೂಲಿ ಕೊಟ್ಟರೆ ಸೇವೆ ಎಲ್ಲಿ ಉಳಿಯಿತು ಎಂದು ನಿಮ್ಮ ಅಧ್ಯಕ್ಷೆ ಕೇಳಬಹುದು. ನಾನು ಈ ಮಾತನ್ನು ಒಪ್ಪುವುದಿಲ್ಲ. ಪೆಂಡಾಲಿನವರಿಗೆ ಕೊಡುತ್ತೀರಿ, ಮೈಕಿನವರಿಗೆ ಕೊಡುತ್ತೀರಿ, ಗ್ಯಾಸ್ ಸಿಲಿಂಡರಿಗೆ ಕೊಡುತ್ತೀರಿ. ಹೆಂಗಸರ ಕೈಕೆಲಸಕ್ಕೆ ಮಾತ್ರ ಬೆಲೆ ಇಲ್ಲ ಎಂದು ಮಹಿಳಾ ಸಮಾಜವೇ ಹೇಳಿದರೆ ಹೇಗೆ? ತಿಂಡಿಯ ಬೆಲೆಯೂ ಆಗ ಸರಿಯಾಗುತ್ತದೆ. ಕೂಲಿ, ಸಾಮಾನು ಎರಡನ್ನೂ ಬಿಟ್ಟು ಬೆಲೆ ಹಾಕಿದ್ದರಿಂದ ನೀವು ತೊಡೆದೇವನ್ನು ಬಹಳ ಅಗ್ಗಕ್ಕೆ ಮಾರಿದ್ದೀರಿ ಅಂತ ನನ್ನ ಅನುಮಾನ.

ಲಕ್ಕಿ ಡ್ರಾ ಬೇಡವೇ ಬೇಡ. ದುಡ್ಡು ತೆಗೆದುಕೊಂಡು ಟಿಕೆಟ್ ಕೊಟ್ಟು, ಚೀಟಿ ಎತ್ತಿ ಬಹುಮಾನ ಕೊಡುವುದು ಲಾಟರಿಯೇ. ಬಹುಮಾನ ಮಿಕ್ಸಿ ಆಗಿರಲಿ, ಸೀರೆ ಆಗಿರಲಿ. ಕರ್ನಾಟಕದಲ್ಲಿ 2007ರಿಂದ ಲಾಟರಿ ನಿಷೇಧ ಇದೆ. ಒಳ್ಳೆ ಕೆಲಸಕ್ಕಲ್ವಾ ಎಂಬ ಸಮಾಧಾನ ಪೊಲೀಸ್ ಠಾಣೆಯಲ್ಲಿ ನಡೆಯುವುದಿಲ್ಲ. ಸದಸ್ಯೆಯರೇ ಸೇರಿ ಚೀಟಿ ನಡೆಸೋಣ ಎಂದು ಯಾರಾದರೂ ಹೇಳಿದರೆ ಅದಕ್ಕೂ ಇದೇ ಉತ್ತರ. ಅನುಮತಿ ಇಲ್ಲದ ಚೀಟಿಯನ್ನು 1982ರ ಚಿಟ್ ಫಂಡ್ಸ್ ಕಾಯಿದೆ ತಡೆಯುತ್ತದೆ.

ಅಮೆರಿಕದ ಮಗನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಆತನ ಕೈಯಲ್ಲಿ ಇನ್ನೂ ಭಾರತದ ಪಾಸ್‌ಪೋರ್ಟ್ ಇದ್ದರೆ, ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸುವ ದುಡ್ಡು ವಿದೇಶಿ ದೇಣಿಗೆ ಅನಿಸಿಕೊಳ್ಳುವುದಿಲ್ಲ. ಅಲ್ಲಿಯ ಪೌರತ್ವ ತಗೊಂಡಿದ್ದರೆ ಕಥೆ ಬೇರೆ. ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ ಕಾನೂನಿನ ಕಣ್ಣಿಗೆ ಅದು ವಿದೇಶಿ ದುಡ್ಡೇ. 2010ರ ವಿದೇಶಿ ದೇಣಿಗೆ ಕಾಯಿದೆಯಡಿ ನೋಂದಣಿ ಅಥವಾ ಮುಂಚಿತ ಅನುಮತಿ ಇಲ್ಲದೆ ಸಮಾಜ ಅದನ್ನು ಮುಟ್ಟುವಂತಿಲ್ಲ. ನಮ್ಮ ಹುಡುಗನೇ ಅಲ್ವಾ ಅಂತ ಸುಮ್ನೆ ಖಾತೆಗೆ ಹಾಕಿಸಿಕೊಳ್ಳಬೇಡಿ. ಮೊದಲು ಪಾಸ್‌ಪೋರ್ಟ್ ಯಾವುದು ಎಂದು ಕೇಳಿ.

ಊರಿನವರ ಹತ್ತಿರ ಕೇಳುವಾಗ "ಸಮಾಜಕ್ಕೆ ಏನಾದರೂ ಕೊಡಿ" ಎನ್ನಬೇಡಿ. ಬಡಗಿಯನ್ನು ಮತ್ತೊಮ್ಮೆ ಕರೆಸಿ, ಎಷ್ಟು ಹಂಚು ಒಡೆದಿದೆ, ಎಷ್ಟು ಪಕಾಸಿ (ಮಾಡಿನ ಮರ) ಗೆದ್ದಲು ತಿಂದಿದೆ, ಹಂಚು ಕೂರುವ ಎಷ್ಟು ರೀಪು ಬದಲಿಸಬೇಕು ಎಂದು ಬರೆಸಿ. ಆಮೇಲೆ ಒಬ್ಬರ ಹತ್ತಿರ ಐವತ್ತು ಹಂಚು ಕೇಳಿ. ಅಡಿಕೆ ತೋಟ ಇರುವವರ ಹತ್ತಿರ ಒಂದು ಪಕಾಸಿಯ ದುಡ್ಡು ಕೇಳಿ. ಶಾಲೆ ಮಕ್ಕಳೂ ಒಂದು ಹಂಚಿನ ದುಡ್ಡು ಕೊಡಬಹುದು. ಎಷ್ಟು ಬಂತು, ಇನ್ನೆಷ್ಟು ಬೇಕು ಎಂದು ಸಮಾಜದ ಬಾಗಿಲಿಗೆ ಬೋರ್ಡ್ ಹಾಕಿ. ಸಂತೆಗೆ ಹೋಗುವವರೆಲ್ಲ ಓದಲಿ. ದುಡ್ಡು ಬೀಳುವುದು ಸಮಾಜದ ಖಾತೆಗೇ ಆಗಬೇಕು. ಖಜಾಂಚಿಯವರ ಫೋನ್ ನಂಬರಿಗೆ ಬೇಡ, ಅವರು ಎಷ್ಟೇ ಪ್ರಾಮಾಣಿಕರಾಗಿರಲಿ. ನಿಮ್ಮ ಸಮಾಜಕ್ಕೆ ದಾನಿಗಳಿಗೆ ಆದಾಯ ತೆರಿಗೆ ವಿನಾಯಿತಿ ಕೊಡಿಸುವ 80ಜಿ ಮಾನ್ಯತೆ ಇದೆ ಅಂದಿದ್ದೀರಿ. ಹಾಗಿದ್ದರೆ ಹಳೇ ಪದ್ಧತಿಯಲ್ಲಿ ತೆರಿಗೆ ಕಟ್ಟುವ ದಾನಿಗಳಿಗೆ ಒಂದು ಮಾತು ಹೇಳಿ: 2,000 ರೂಪಾಯಿಗಿಂತ ಹೆಚ್ಚನ್ನು ನಗದಾಗಿ ಕೊಟ್ಟರೆ ವಿನಾಯಿತಿ ಸಿಗುವುದಿಲ್ಲ.

ಸಂಘಗಳ ನೋಂದಣಿ ಕಾಯಿದೆ 1960ರದ್ದು. ಅದರ ಪ್ರಕಾರ ಪ್ರತಿ ವರ್ಷ ಮಹಾಸಭೆ ಮಾಡಿ ಲೆಕ್ಕಪತ್ರ ಸಲ್ಲಿಸಿದ್ದೀರಾ, ನೋಡಿಕೊಳ್ಳಿ. ಬಾಕಿ ಇದ್ದರೆ ದೇಣಿಗೆ ಕೇಳಲು ಹೊರಡುವ ಮುಂಚೆಯೇ ಸರಿ ಮಾಡಿ.

ಕಾರ್ಯಕ್ರಮಗಳ ಬಗ್ಗೆಯೂ ಕೇಳಿದ್ದೀರಿ. ಭಜನೆ, ಅರಿಶಿನ ಕುಂಕುಮ, ರಂಗೋಲಿ ಸ್ಪರ್ಧೆ ಬಿಡಿ ಅಂತ ನಾನು ಹೇಳುವುದಿಲ್ಲ. ಅವುಗಳಿಂದ ಸಿಗುವ ನಗು, ಮಾತು ಸಣ್ಣದಲ್ಲ. ಆದರೆ ನಿಮ್ಮ ಸಭೆ ಗುರುವಾರ ಮಧ್ಯಾಹ್ನ ಮೂರಕ್ಕೆ. ಕೆಲಸಕ್ಕೆ ಹೋಗುವ ಹೆಂಗಸು ಹೇಗೆ ಬರಬೇಕು? ತಿಂಗಳಿಗೆ ಒಂದು ಸಭೆಯನ್ನಾದರೂ ಭಾನುವಾರಕ್ಕೆ ಹಾಕಿ. ಮಕ್ಕಳನ್ನೂ ಕರೆದುಕೊಂಡು ಬನ್ನಿ ಅನ್ನಿ. ಲೇಖಕಿ ಆರ್. ಕಲ್ಯಾಣಮ್ಮ ಪತ್ರಿಕೆ ನಡೆಸುತ್ತಲೇ 1938ರಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟ ಕಟ್ಟಿದರು. ಮಕ್ಕಳಿಗೆ ಜಾಗ ಇರುವ ಕಡೆಗೆ ತಾಯಂದಿರು ಬಂದೇ ಬರುತ್ತಾರೆ.

ನಿಮ್ಮ ಜಿಲ್ಲೆಯಲ್ಲೇ ಒಂದು ಒಳ್ಳೆ ಉದಾಹರಣೆ ಇದೆ. ಶಿರಸಿಯ ‘ವನಸ್ತ್ರೀ’ ಬಳಗ 2001ರಲ್ಲಿ ಶುರುವಾಯಿತು. ಹಿತ್ತಲಲ್ಲಿ ತರಕಾರಿ ಬೆಳೆದು ನಾಟಿ ಬೀಜ ಉಳಿಸುವ ಹೆಂಗಸರ ಬಳಗ ಅದು. ಮಳೆಗೆ ಮುಂಚೆ ಮಲೆನಾಡು ಮೇಳ ಮಾಡುತ್ತಾರೆ. ಬೀಜ, ಗಡ್ಡೆ, ಹೂಗಿಡ ಬೇಕಾಗುವ ಹೊತ್ತೇ ಅದು. ನಿಮ್ಮಲ್ಲೂ ಹಿತ್ತಲಿಲ್ಲದ ಮನೆ ಇರಲಿಕ್ಕಿಲ್ಲ. ಹೀರೆ, ಬೆಂಡೆ, ಸೌತೆ ಬೀಜವನ್ನು ಬೂದಿಯಲ್ಲಿ ಕಟ್ಟಿಟ್ಟ ಅತ್ತೆಯಂದಿರು ಇನ್ನೂ ಇದ್ದಾರೆ. ಅವರನ್ನು ಸಭೆಗೆ ಕರೆಯಿರಿ. ತಿಂಡಿ ಅಂಗಡಿಯಷ್ಟು ಬಂಡವಾಳವೂ ಬೇಡ, ಒಲೆ ಮುಂದೆ ಕೂರುವುದೂ ಬೇಡ.

ಕೊನೆಗೆ ಅಧ್ಯಕ್ಷೆಯವರ ವಿಷಯ. ಅವರಿಗೆ ನನ್ನ ಈ ಉತ್ತರ ತೋರಿಸಿ ವಾದಕ್ಕೆ ಇಳಿಯಬೇಡಿ. ಅವರೂ ಇಷ್ಟು ವರ್ಷ ತಮ್ಮ ಮನೆಯ ಎಣ್ಣೆ, ಬೆಲ್ಲ ತಂದು ಸಮಾಜ ನಡೆಸಿದವರು. ಅದನ್ನೂ ಯಾರೂ ಬರೆದಿಟ್ಟಿಲ್ಲ. ಹೋದ ವರ್ಷದ ಲೆಕ್ಕದ ಹಾಳೆ, ಒಂದು ಪೆನ್ನು ತಗೊಂಡು ಅವರ ಮನೆಗೆ ಹೋಗಿ. ಯಾರು ಏನು ತಂದಿದ್ದರು ಎಂದು ಇಬ್ಬರೂ ಕೂತು ನೆನಪು ಮಾಡಿಕೊಂಡು ಬರೆಯಿರಿ. ಅವರು ತಂದದ್ದನ್ನು ಮೊದಲು ಬರೆಯಿರಿ. ಅದಾದ ಮೇಲೆ ಬಟ್ಟೆ ಅಂಗಡಿಗೆ ಹೋಗುವ ಆ ಸದಸ್ಯೆಯ ಮನೆಗೆ ಇಬ್ಬರೂ ಜೊತೆಯಾಗಿ ಹೋಗಿ. ಈ ಸಲ ಸಾಮಾನು ಸಮಾಜದ್ದು, ಕೂಲಿ ಇಷ್ಟು ಎಂದು ಬಾಗಿಲಲ್ಲೇ ಹೇಳಿ, ಆಮೇಲೆ ಜಾತ್ರೆಗೆ ಕರೆಯಿರಿ.

– ಸಂಪಾದಕರು