ಹಾಲಿನಲ್ಲಿ ಬರೋ ಗರಣೆ ರೋಗಾಣು ಅಲ್ಲ

ಅಣ್ಣ, ಕರು ಹಾಕಿ ಹತ್ತು ದಿನದ ಹಸು, ಹಿಂದಿನ ಬಲ ಮೊಲೆ ಊದಿ ಹಾಲಲ್ಲಿ ಗರಣೆ, ಅದೇ ರೋಗಾಣುವಾ ಅಂತ ಕೇಳಿದ್ದೀರಿ. ಬಾವು ಇಳಿಸೋ ಇಂಜೆಕ್ಷನ್‌ಗೆ ಊತ ತಗ್ಗಿದೆ, ಇನ್ನು ಮೊಲೆಯೊಳಗೆ ಹಾಕೋ ರೋಗಾಣು ಕೊಲ್ಲೋ ಔಷಧಿ ಟ್ಯೂಬ್ ಬೇಕಾ ಅಂತಲೂ.

ರೋಗಾಣು ಕಣ್ಣಿಗೆ ಕಾಣಲ್ಲ. ಆ ಗರಣೆಯಲ್ಲಿ ಇರೋದು ನಿಮ್ಮ ಹಸುವಿನದೇ ಬಿಳಿ ರಕ್ತಕಣ, ಹೆಪ್ಪುಗಟ್ಟಿದ ಪ್ರೋಟೀನು. ಆ ಕಣಗಳನ್ನ ಅಲ್ಲಿಗೆ ಕರೆಸಿದ್ದು ಯಾರು ಅಂತ ತಿಳಿದರೆ ಟ್ಯೂಬಿನ ಪ್ರಶ್ನೆಗೂ ಉತ್ತರ ಸಿಗುತ್ತೆ.

ರಕ್ತದಲ್ಲಿ ಕಾಂಪ್ಲಿಮೆಂಟ್ ಅನ್ನೋ ಪ್ರೋಟೀನುಗಳು ಸುಮ್ಮನೆ ಓಡಾಡ್ತಿರುತ್ತವೆ, ಹೆಚ್ಚಿನವನ್ನ ತಯಾರಿಸೋದು ಪಿತ್ತಜನಕಾಂಗ. ಆರೋಗ್ಯವಾಗಿರೋ ಕೆಚ್ಚಲ ಹಾಲಲ್ಲಿ ಇವು ತೀರಾ ಕಡಿಮೆ. ರೋಗಾಣು ಸಿಕ್ಕಿತೋ, ಇವುಗಳಲ್ಲಿ ಸಿ3 ಅನ್ನೋದು ಎರಡಾಗಿ ಒಡೆಯುತ್ತೆ. ದೊಡ್ಡ ತುಂಡು ಸಿ3ಬಿ ರೋಗಾಣುವಿನ ಮೈಗೆ ಅಂಟಿ 'ಇದನ್ನ ತಿನ್ನು' ಅಂತ ಗುರುತು ಹಾಕುತ್ತೆ. ಆಮೇಲೆ ಸಿ5 ಒಡೆದು ಸಿ5ಎ ಅನ್ನೋ ಚಿಕ್ಕ ತುಂಡು ಸುತ್ತ ಹರಡುತ್ತೆ. ಬೆಲ್ಲದ ಜಾಡು ಹಿಡಿದ ಇರುವೆ ಹಾಗೆ, ಸಿ5ಎ ದಟ್ಟವಾಗಿರೋ ಕಡೆಗೇ ಬಿಳಿಕಣ ರಕ್ತನಾಳದ ಗೋಡೆಯಲ್ಲಿ ನುಸುಳಿ ನಡೆಯುತ್ತೆ. ಸಿ3ರ ಚಿಕ್ಕ ತುಂಡು ಸಿ3ಎ, ಈ ಸಿ5ಎ ಎರಡೂ ಮಾಸ್ಟ್ ಅನ್ನೋ ರಕ್ಷಣಾ ಕೋಶಗಳಿಂದ ನಾಳ ಸಡಿಲಿಸೋ ಹಿಸ್ಟಮಿನ್ ಬಿಡಿಸುತ್ತವೆ. ನಾಳ ಸೋರುತ್ತೆ, ಮೊಲೆ ಊದಿ ಬಿಸಿಯಾಗುತ್ತೆ, ಹಾಲು ಉಪ್ಪುಪ್ಪಾಗುತ್ತೆ. ಸೋರಿದ ನೀರಿನ ಜೊತೆ ಇನ್ನಷ್ಟು ಕಾಂಪ್ಲಿಮೆಂಟ್ ಬರುತ್ತೆ, ಬಾವು ಬಾವನ್ನೇ ಬೆಳೆಸುತ್ತೆ.

ಇಂಜೆಕ್ಷನ್ ತಗ್ಗಿಸಿದ್ದು ಈ ಗಲಾಟೆಯನ್ನ, ರೋಗಾಣುವನ್ನಲ್ಲ. ನಮ್ಮ ಕೊಟ್ಟಿಗೆಯಲ್ಲೂ ಒಂದಕ್ಕೆ ಊತ ಇಳೀತು ಅಂತ ಚಿಕಿತ್ಸೆ ನಿಲ್ಲಿಸಿದ್ದೆ, ಮೂರು ವಾರಕ್ಕೆ ಅದೇ ಮೊಲೆ ಕಲ್ಲಾಯ್ತು. ಟ್ಯೂಬ್ ಬೇಕೋ, ಯಾವುದು, ಎಷ್ಟು ದಿನ, ಇದನ್ನ ಡಾಕ್ಟರೇ ಹೇಳಲಿ.

ಅಲ್ಲಿವರೆಗೆ ಆ ಮೊಲೆಯನ್ನ ಕೊನೆಗೆ ಕರೆದು ಪೂರ್ತಿ ಖಾಲಿ ಮಾಡಿ. ಹಾಲಿಗೆ ಬಂದ ಬಿಳಿಕಣ ಅಲ್ಲಿನ ಕೊಬ್ಬನ್ನೂ ನುಂಗಿ ಸುಸ್ತಾಗಿರುತ್ತೆ, ಒಳಗೇ ಬಿಟ್ಟರೆ ಲಾಭವಿಲ್ಲ. ನೆಲಕ್ಕೆ ಕರೀಬೇಡಿ, ಕರುವಿಗೂ ಕುಡಿಸಬೇಡಿ. ಉಳಿದ ಮೂರು ಮೊಲೆಗೂ ಪರೀಕ್ಷೆ ಮಾಡಿ: ಅರ್ಧ ಲೀಟರ್ ನೀರಿಗೆ 15 ಗ್ರಾಂ ಬಟ್ಟೆ ಸೋಪಿನ ಪುಡಿ ಕಲಸಿ, ಹಾಲಿಗೆ ಸಮ ಸಮ ಬೆರೆಸಿ ತಿರುಗಿಸಿ. ಲೋಳೆ ಲೋಳೆಯಾದರೆ ಅಲ್ಲೂ ಬಿಳಿಕಣ ಸೇರಿವೆ ಅಂತಲೇ.

ಹಸು ಮೇವು ಬಿಟ್ಟು, ಕಿವಿ ತಣ್ಣಗಾಗಿ, ಹಾಲು ನೀರಾದರೆ ಬೆಳಗಿನವರೆಗೆ ಕಾಯಬೇಡಿ, ರಾತ್ರಿಯೇ ಫೋನ್ ಮಾಡಿ. ಮತ್ತೆ, ಟ್ಯೂಬ್ ಹಾಕೋ ಮುಂಚೆಯೇ ಶುದ್ಧ ಬಾಟಲಿಗೆ ಸ್ವಲ್ಪ ಹಾಲು ಹಿಡಿದಿಡಿ. ಔಷಧಿ ಸೇರಿದ ಮೇಲೆ ಹಿಡಿದರೆ ಲ್ಯಾಬಿನಲ್ಲಿ ರೋಗಾಣು ಬೆಳೆಯದೇ ಹೋಗಬಹುದು.